ಅಕ್ರೋಟು ಮರದ ಮೋಟು

ಹೊಸ ಮೋರ್ವಾಲ್, ಏಪ್ರಿಲ್ ೧೪

ಮೇಯರ್ ವೆರ್ನಿಯೋಲ್ ಅವರಿಗೆ ವಂದನೆಗಳು.

ನಿಮ್ಮ ಕಚೇರಿಯ ಹುಡುಗಿ ನಿನ್ನೆ ಬ್ರೆಡ್ ಅಂಗಡಿಯಲ್ಲಿ ಸಿಕ್ಕಿದ್ದಳು. "ಅಜ್ಜಿ, ಇನ್ಮೇಲೆ ಕೆರೆ ಖಾಲಿ ಮಾಡಲ್ವಂತೆ. ಅಣೆಕಟ್ಟು ನೋಡೋಕೆ ನೀರೊಳಗೇ ಯಂತ್ರ ಇಳಿಸ್ತಾರೆ. ನಿಮಗೆ ಕೆಸರು ತುಳಿಯೋ ಕಾಟ ತಪ್ತು!" ಎಂದು ನಕ್ಕಳು. ನಾನೂ ನಕ್ಕೆ.

ಹತ್ತು ವರ್ಷಕ್ಕೊಮ್ಮೆ ನೀರು ಇಳಿಸಿದಾಗ ಎಲ್ಲರೂ ಮುಳುಗಿದ ಊರಿನಲ್ಲಿ ತಮ್ಮ ತಮ್ಮ ಮನೆಯ ಹೊಸ್ತಿಲು ಹುಡುಕುತ್ತಿದ್ದರು. ನಾನು ಇಗರ್ಜಿಯ ಸ್ಮಶಾನದ ಗೋಡೆಯಾಚೆ, ಅಕ್ರೋಟು ಮರದ ಮೋಟಿನ ಮೇಲೆ ಕೂರುತ್ತಿದ್ದೆ. ಕೇಳಿದವರಿಗೆ ಕಾಲು ನೋವು ಎನ್ನುತ್ತಿದ್ದೆ, ಮೂವತ್ತರ ಪ್ರಾಯದಲ್ಲೂ.

ಊರು ಮುಳುಗುವ ಮುನ್ನ, ಗೋರಿಗಳನ್ನು ಗುಡ್ಡಕ್ಕೆ ಸಾಗಿಸುತ್ತೇವೆ, ಸತ್ತವರ ಹೆಸರು ಬರೆಸಿ ಎಂದಿದ್ದರು. ಆಗ ನನಗೆ ಹತ್ತೊಂಬತ್ತು, ಮದುವೆಯಾಗಿರಲಿಲ್ಲ. "ಬಾಯ್ಮುಚ್ಚೇ. ದೀಕ್ಷಾಸ್ನಾನ ಆಗದ ಕೂಸಿಗೆ ಯಾವ ಹೆಸರು ಬರೆಸ್ತೀಯಾ?" ಎಂದಳು ಅಮ್ಮ. ನಾನು ಬರೆಸಲಿಲ್ಲ.

ಒಬ್ಬ ಮುದುಕಿಗಾಗಿ ಕೆರೆ ಬರಿದು ಮಾಡಿ ಎನ್ನುವಷ್ಟು ಅರಳುಮರಳು ನನಗಿನ್ನೂ ಬಂದಿಲ್ಲ. ಗರಿಗಳ ಭಾನುವಾರ ಪಾದ್ರಿಗಳು ಆಶೀರ್ವದಿಸಿದ ಹಸಿರು ರೆಂಬೆಯೊಂದನ್ನು ಈ ಪೊಟ್ಟಣದಲ್ಲಿಟ್ಟಿದ್ದೇನೆ. ಯಂತ್ರದವರು ಅದನ್ನು ಆ ಮೋಟಿನ ಬಳಿ ಬಿಡಬಹುದೇ? ತೇಲಿ ಬರದಂತೆ ಕಲ್ಲು ಕಟ್ಟಿದ್ದೇನೆ.

ಯಾರಿಗೆಂದು ಅವರು ಕೇಳಿದರೆ, ಆನ್ಸೆಲ್ಮ್‌ಗೆ ಎನ್ನಿ. ಕೂಸಿನ ಹೆಸರನ್ನು ಈವರೆಗೆ ಯಾರೂ ಕೇಳಿಲ್ಲ.

ಇತಿ,
ಒದೆತ್ ಲಾಕೊಂಬ್