ಅತ್ತೆಯ ಬಿಸಿನೀರಿನ ಚೀಲ

ಅತ್ತೆ,

ನೀವು ಹಡಗಿನ ಪ್ರವಾಸಕ್ಕೆ ಹೊರಡೋ ಮುಂಚೆ ನಿಮ್ಮ ಮಂಡಿಗೆ ಶಾಖ ಕೊಡೋಣ ಅಂತ ಬಿಸಿನೀರಿನ ಚೀಲ ತೆಗೆದರೆ, ಒಳಗೆ ರಮ್ಮು! ಹಡಗಿಗೆ ಕದ್ದು ಸಾಗಿಸೋಕಾ?

ವಾರದಿಂದ ಮನೇಲಿ ವಾಸನೆ. ನಿಮ್ಮ ಮಗ ಮತ್ತೆ ಕುಡಿಯೋಕೆ ಶುರು ಮಾಡಿದ್ದಾರೆ ಅಂತ ನಾನು ಅವರ ಜೊತೆ ಮಾತು ಬಿಟ್ಟೆ, ರೂಮಿಂದ ಸೋಫಾಗೆ ಕಳಿಸಿದೆ. ಆಗಲೂ ನೀವು ತುಟಿಪಿಟಕ್ಕೆನ್ನಲಿಲ್ಲ! ಕೋಪ ಇದೆ. ಆದರೂ ಹೋದ ಜೀವ ಬಂದ ಹಾಗಾಯ್ತು.

ರಮ್ಮನ್ನ ಸಿಂಕಿಗೆ ಸುರಿದಿದ್ದೀನಿ. ಚೀಲ ತೊಳೆದು ಒಣಗಹಾಕಿದ್ದೀನಿ, ಮರೀದೆ ತಗೊಂಡು ಹೋಗಿ. ಹಡಗಿನವರು ತಲೆಗೊಂದು ವೈನ್ ಬಾಟಲಿ ಬಿಡ್ತಾರಂತೆ, ಸೀಲು ಒಡೆದಿರಬಾರದು ಅಷ್ಟೆ. ಟಿಕೆಟ್ಟಿನಲ್ಲೇ ಇದೆ. ದಾರೀಲಿ ಕೊಂಡು ರಾಜಾರೋಷವಾಗಿ ಹತ್ತಿ.

ನಿಮ್ಮ ಮಗ ಇನ್ನೂ ಸೋಫಾ ಮೇಲೇ ಮಲಗಿದ್ದಾರೆ. ಎಬ್ಬಿಸೋಕೆ ನನಗೆ ಮುಖ ಇಲ್ಲ, ಕೆಲಸಕ್ಕೂ ಹೊತ್ತಾಯ್ತು. ನೀವೇ ಎಬ್ಬಿಸಿ ನಿಜ ಹೇಳಿ. ಕೆಳಗೆ ಬಿದ್ದಿದ್ದ ಅವರ ದಿಂಬನ್ನ ಮತ್ತೆ ನಮ್ಮ ರೂಮಿಗೆ ನಾನೇ ತಂದಿಟ್ಟುಕೊಂಡಿದ್ದೀನಿ.