ಚಾಕ್‌ಪೀಸ್ ಹಿಡಿಯುವ ಕೈ

ಮನೆಯಿಂದ,
ನವೆಂಬರ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ ನಿಮ್ಮ ಬಾಯಿಬಡುಕಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಡಬ್ಬಿಯನ್ನು ಕಿಟಕಿಯ ಮೇಲೆ ಅಲಂಕಾರಕ್ಕೆ ಇಟ್ಟಿದ್ದೀರೋ? ತಮ್ಮನ ಮನೆಯ ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡಿ ಎಂದರೆ ನೀವೆಲ್ಲಿ ಕೇಳುತ್ತೀರಿ! ಇಲ್ಲಿ ನಾವು ಆರಾಮ. ನಿಮ್ಮ ಪತ್ರ ಓದಿ ಚಿಮ್ಮಿಯ ವಿಷಯಕ್ಕೆ ನನಗೂ ಬೇಜಾರಾಯಿತು. ನಿಮ್ಮ ಎದುರು ಕೂತರೆ ಒಂದು ಲೆಕ್ಕವನ್ನೂ ತಪ್ಪದ ಮೊಮ್ಮಗಳು ಪರೀಕ್ಷೆಯಲ್ಲಿ ಮಾತ್ರ ಸೊನ್ನೆ ತರುತ್ತಾಳೆ ಎಂದರೆ ಅವಳ ಟೀಚರಿಗೇ ಕಲಿಸಲು ಬರುವುದಿಲ್ಲ, ಶಾಲೆಗೇ ಹೋಗಿ ವಿಚಾರಿಸಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಅಪ್ಪಾ, ನಿಮ್ಮ ಮಗಳೂ ಟೀಚರೇ, ಸ್ವಲ್ಪ ತಡೆಯಿರಿ. ಮೊದಲು ನನ್ನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಅರ್ಧಕ್ಕೇ ‘ಸರಿ ಸರಿ’ ಎಂದು ಇಟ್ಟುಬಿಡುತ್ತೀರಿ.

ಗಣಿತ, ವಿಜ್ಞಾನ ಕಲಿಸುವವರಿಗೆ ಕೊಡುವ ಆ ಮೇಲ್ಮಟ್ಟದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ನೀವು ನಕ್ಕಿದ್ದಿರಿ. ‘ಇಷ್ಟು ವರ್ಷ ಪಾಠ ಮಾಡಿದವಳಿಗೆ ಪಾಠ ಮಾಡೋಕೆ ಬರುತ್ತೆ ಅಂತ ಇನ್ಯಾರೋ ಬರೆದುಕೊಡಬೇಕಾ?’ ಎಂದಿರಿ. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಲಿಖಿತ ಪರೀಕ್ಷೆ ಪಾಸಾಯಿತು, ಉಳಿದ ಹಂತಗಳೂ ಮುಗಿದವು. ಕೊನೆಯದೊಂದು ಬಾಕಿ: ನನ್ನದೇ ತರಗತಿಯ ಒಂದು ಪೂರ್ತಿ ಪಾಠವನ್ನು ಎಲ್ಲೂ ಕತ್ತರಿಸದೆ ವಿಡಿಯೋ ಮಾಡಿ, ಏನು ಮಾಡಿದೆ, ಏಕೆ ಮಾಡಿದೆ ಎಂದು ವಿವರಿಸಿ ಕಳಿಸಬೇಕು. ಅದರಲ್ಲಿ ಬಿದ್ದರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಇವತ್ತು ಸಂಜೆಯೇ ಕೊನೆಯ ಗಡುವು.

ಮೊದಲು ತೆಗೆದ ವಿಡಿಯೋ ನೋಡಿ ನಾನೇ ಬೀಗಿದ್ದೆ. ಕೇಳಿದ ಪ್ರಶ್ನೆಗೆಲ್ಲ ಮಕ್ಕಳು ಪಟಪಟನೆ ಉತ್ತರ ಹೇಳುತ್ತಾರೆ, ಗಂಟೆ ಹೊಡೆಯುವ ಹೊತ್ತಿಗೆ ಪಾಠ ಮುಗಿದು ಬೋರ್ಡು ತುಂಬಿದೆ. ಆದರೆ ಪ್ರಮಾಣಪತ್ರದವರ ಸೂಚನೆಗಳಲ್ಲಿ ಒಂದು ವಿಚಿತ್ರವಾದದ್ದಿತ್ತು, ನಿಮ್ಮ ಪಾಠವನ್ನು ಒಮ್ಮೆ ಸದ್ದು ಬಂದ್ ಮಾಡಿ ನೋಡಿ ಎಂದು. ಇದೇನು ಹುಚ್ಚಾಟ ಎಂದುಕೊಂಡೇ ನೋಡಿದೆ. ಅಪ್ಪಾ, ನಂಬಲಾಗದೆ ಮತ್ತೊಮ್ಮೆ ಹಾಕಿ ನೋಡಿದೆ. ಒಂದು ಮಾತೂ ಕೇಳಿಸದಿದ್ದರೂ ಯಾವ ಉತ್ತರ ಸರಿ, ಯಾವುದು ತಪ್ಪು ಎಂದು ನಾನು ಹೇಳಬಲ್ಲವಳಾಗಿದ್ದೆ. ಉತ್ತರ ತಪ್ಪಾದರೆ ಕೈಕಟ್ಟಿ ನಿಂತಿರುತ್ತೇನೆ. ಸರಿಯಾದ ಉತ್ತರ ಶುರುವಾಗುವುದೇ ತಡ, ನನ್ನ ಕೈ ತಾನಾಗಿ ಚಾಕ್‌ಪೀಸ್ ಹಿಡಿಯುತ್ತದೆ! ಮಕ್ಕಳು ನನ್ನ ಕೈ ನೋಡಿಕೊಂಡು, ಅದು ಅಲುಗಾಡುವವರೆಗೆ ಉತ್ತರ ಬದಲಿಸುತ್ತಾ ಹೋಗುತ್ತವೆ. ಮಾರನೆಯ ದಿನ ತರಗತಿಯಲ್ಲಿ ಕೇಳಿಯೇಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕವು. ‘ಅದು ನಮಗೆ ಯಾವಾಗ್ಲೋ ಗೊತ್ತು ಮಿಸ್’ ಎಂದವು. ಗೊತ್ತಿಲ್ಲದವಳು ನಾನೊಬ್ಬಳೇ.

ಅಂದಿನಿಂದ ಚಾಕ್‌ಪೀಸ್ ಕೈಬಿಟ್ಟು ಕೆಳಗಿಡುವುದೇ ಇಲ್ಲ. ಸರಿಯೋ ತಪ್ಪೋ, ಹೇಳಿದ್ದನ್ನೆಲ್ಲ ಒಂದೇ ಅಂದದ ಅಕ್ಷರದಲ್ಲಿ ಬರೆಯುತ್ತೇನೆ, ‘ಯಾಕೆ ಹಾಗೆ?’ ಎಂದು ಕೇಳಿ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ. ಈ ಬಾಯಿಗೆ ಬೀಗ! ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಮನೆಯಲ್ಲೂ ಅದೇ ಚಾಳಿ ಹತ್ತಿದೆ. ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತೇನೆ, ನಿಮ್ಮ ಅಳಿಯಂದಿರು ನಾನು ಮುನಿಸಿಕೊಂಡಿದ್ದೇನೆಂದು ಪಾತ್ರೆ ತೊಳೆಯಲು ಎದ್ದುಹೋಗುತ್ತಾರೆ. ಮೊದಮೊದಲು ಮಕ್ಕಳು ಕಂಗಾಲಾದವು, ನಾಲ್ಕು ದಿನ ತರಗತಿಯಲ್ಲಿ ಪಿಟ್ಟೆಂದು ಸದ್ದಿಲ್ಲ. ಆಮೇಲೆ ನೋಡಬೇಕಿತ್ತು ಜಗಳವನ್ನು!

ಎರಡನೆಯ ವಿಡಿಯೋ ಈ ವಾರದ್ದು. ದಾರಕ್ಕೆ ಭಾರ ಕಟ್ಟಿ ತೂಗಿಬಿಟ್ಟರೆ ಭಾರವಾದದ್ದು ಬೇಗ ಓಲಾಡುತ್ತದೋ ಹಗುರವಾದದ್ದೋ ಎಂಬ ಪಾಠ. ಎರಡೂ ಒಂದೇ ಎಂದು ಪುಸ್ತಕ ಹೇಳುತ್ತದೆ. ನನ್ನ ಮಕ್ಕಳು ಭಾರದ್ದೇ ಬೇಗ ಎಂದರು, ಬರೆದೆ. ಮಾಡಿ ನೋಡಿದರು, ಅವರು ಹೇಳಿದಂತೆಯೇ ಬಂತು! ಭಾರದ ಗುಂಡಿಗೆ ಗಿಡ್ಡ ದಾರ ಕಟ್ಟಿದ್ದರು, ದಾರ ಗಿಡ್ಡವಾದರೆ ಓಲಾಟ ಬೇಗ; ನಾನು ಅದನ್ನು ನೋಡಿಯೂ ತುಟಿ ಕಚ್ಚಿಕೊಂಡು ನಿಂತೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಚೀಲ ಹೆಗಲಿಗೇರಿಸುವಾಗ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ವರ್ಷವಿಡೀ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ಬಿಡದ ಹುಡುಗಿ. ನನ್ನ ಕೈಯತ್ತ ನೋಡಲಿಲ್ಲ, ಬೋರ್ಡನ್ನೇ ನೋಡಿ ಹೇಳಿದಳು: ‘ಮಿಸ್, ನಾನು ಇದನ್ನ ಒಪ್ಪಲ್ಲ.’ ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ಮಾರನೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವಳು ಬಾಗಿಲಿನ ಚಿಲಕಕ್ಕೆ ಒಂದೇ ಉದ್ದಕ್ಕೆ ಅಳತೆ ಮಾಡಿದ ಎರಡು ದಾರ ಕಟ್ಟಿ, ಒಂದರ ತುದಿಗೆ ಬೀಗ, ಇನ್ನೊಂದಕ್ಕೆ ರಬ್ಬರ್ ತೂಗುಹಾಕಿ ಎರಡೂ ಒಂದೇ ಸಮ ಓಲಾಡುವುದನ್ನು ಎಲ್ಲರನ್ನೂ ಕರೆದು ತೋರಿಸುತ್ತಿದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅಪ್ಪಾ.

ಆದರೆ ಅದು ವಿಡಿಯೋದಲ್ಲಿಲ್ಲವಲ್ಲ. ನಮ್ಮ ಹೆಡ್‌ಮಾಸ್ಟರು ಒಳ್ಳೆಯವರು, ನಾನು ಗೆಲ್ಲಲಿ ಎಂದೇ ತಮ್ಮ ಕ್ಯಾಮೆರಾ ಕೊಟ್ಟವರು. ಎರಡನ್ನೂ ನೋಡಿ ತಲೆ ಚಚ್ಚಿಕೊಂಡರು. ‘ಬೋರ್ಡ್ ಮೇಲೆ ತಪ್ಪು ಉತ್ತರ ಇಟ್ಕೊಂಡು ಪಾಠ ಮುಗಿಸಿದ್ದೀರಿ. ಇದನ್ನ ಯಾರಾದ್ರೂ ಕಳಿಸ್ತಾರಾ ಮೇಡಂ? ಸುಮ್ನೆ ಮೊದಲನೇದು ಕಳಿಸಿ, ಪಾಸಾಗಿ’ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಎರಡು ವರ್ಷದ ದುಡಿಮೆ ನೀರುಪಾಲಾದರೆ ಎಂದು ಹೆದರಿಕೆ. ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೆ ಕೂತು ಒಮ್ಮೆ ಇದು, ಒಮ್ಮೆ ಅದು ಎಂದು ಒದ್ದಾಡಿ, ಸಾಕಾಗಿ ನಿಮಗೆ ಬರೆಯಲು ಕೂತೆ. ನೀವು ಇಲ್ಲಿದ್ದಿದ್ದರೆ ಏನೆನ್ನುತ್ತಿದ್ದಿರಿ?

ಮುಲಾಮು ಮರೆಯಬೇಡಿ. ತಮ್ಮನಿಗೆ, ನಾದಿನಿಗೆ ನೆನಪು ತಿಳಿಸಿ. ಚಿಮ್ಮಿಗೆ ಅತ್ತೆಯ ಮುದ್ದು, ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ
ಬಾಯಿಬಡುಕಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮುಂಚೆ ಮನಸ್ಸು ತಡೆಯದೆ ಅಲ್ಲಿಗೆ ಫೋನ್ ಮಾಡಿದೆ. ನೀವು ವಾಕಿಂಗ್ ಹೋಗಿದ್ದಿರಿ, ಚಿಮ್ಮಿ ಸಿಕ್ಕಳು. ತಾತನ ಹತ್ತಿರ ಎಲ್ಲ ಲೆಕ್ಕವೂ ಹೇಗೆ ಸರಿಯಾಗುತ್ತದೆ ಎಂದು ಕೇಳಿ ಸುಮ್ಮನೆ ಕಾದೆ. ‘ನಾನು ಉತ್ತರ ಹೇಳ್ತಾ ಹೋಗ್ತೀನಿ, ಸರಿಯಾದದ್ದು ಬಂದ ತಕ್ಷಣ ತಾತ ಕಿವಿ ಸವರಿಕೊಳ್ತಾರೆ’ ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ‘ಪರೀಕ್ಷೇಲಿ ಯಾರ ಕಿವಿ ನೋಡ್ಲಿ ಅತ್ತೆ?’ ಎಂದಳು. ಫೋನಿಟ್ಟವಳೇ ಎರಡನೆಯ ವಿಡಿಯೋ ಕಳಿಸಿಬಿಟ್ಟೆ. ಪಾಸಾದರೂ ಸರಿ, ಬಿದ್ದರೂ ಸರಿ. ಅಪ್ಪಾ, ಆ ಟೀಚರನ್ನು ಜಗಳಕ್ಕೆ ಕರೆಯಬೇಡಿ. ಇನ್ನೊಮ್ಮೆ ಚಿಮ್ಮಿಯನ್ನು ಲೆಕ್ಕಕ್ಕೆ ಕೂರಿಸಿಕೊಂಡಾಗ ಎರಡೂ ಕೈಯನ್ನು ಸ್ವೆಟರ್ ಜೇಬಿನಲ್ಲಿ ಇಟ್ಟುಕೊಳ್ಳಿ.