ಕಂದು ಬಾಟಲಿಯ ಮೇಲೆ ಒಂದು ಕಣ್ಣು

ಮಾರ್ಚ್ 4, ಬೆಳಿಗ್ಗೆ

ಹಾಸಿಗೆ ಹಿಡಿದ ಅಕ್ಕನ ಶೀಟು ಇವತ್ತೂ ನಾನೇ ಒಗೆದೆ. ಮಷಿನ್ ಇದೆ, ಇರಲಿ. ಅರ್ಧ ಆಯಸ್ಸು ಇಬ್ಬರೂ ಸೇರಿ ಲಾಂಡ್ರಿ ನಡೆಸಿದವರು. ಶೀಟು ನೋಡಿದರೆ ಸಾಕು, ಮನೆಯೊಳಗೆ ಏನು ನಡೀತಿದೆ ಅಂತ ಹೇಳಿಬಿಡ್ತೀನಿ. ಉಚ್ಚೆ ಕಲೆ ದಿನದಿನಕ್ಕೆ ಚಿಕ್ಕದಾಗ್ತಿದೆ. ಬಣ್ಣ ಮಾತ್ರ ಗಾಢ, ಚಹಾ ಚೆಲ್ಲಿದ ಹಾಗೆ. ಅಂದರೆ ನೀರು ಕೊಡ್ತಿಲ್ಲ. ಅಕ್ಕನ ಸೊಸೆಯನ್ನ ಕೇಳಿದೆ.

"ಅತ್ತೆಗೇ ಬೇಡ, ಚಿಕ್ಕತ್ತೆ. ಬಾಯಿಗಿಟ್ಟರೆ ಮುಖ ತಿರುಗಿಸ್ತಾರೆ."

"ಕೊಡೋ ಕೈ ನೋಡಿ ತಿರುಗಿಸ್ತಾಳೆ" ಅಂದೆ.

ಮುಖ ಊದಿಸಿಕೊಂಡು ಹೋದಳು. ಹೋಗಲಿ.

ಮಾರ್ಚ್ 5

ಸೊಸೆ ಹೋಮ್ ನರ್ಸ್ ಅಂತ ಒಬ್ಬಳನ್ನ ಕರೆಸಿದ್ದಾಳೆ. ಹೆಸರು ಹೇಳಿದಳು. ನಾನು ಬಿಳಿ ಶೂ ಅಂತಲೇ ಇಟ್ಟುಕೊಂಡಿದ್ದೀನಿ. ನಡೆದರೆ ಸದ್ದೇ ಇಲ್ಲ. ಸದ್ದಿಲ್ಲದೆ ನಡೆಯೋರನ್ನ ನಾನು ನಂಬಿದವಳಲ್ಲ.

ಅವಳ ಹತ್ತಿರ ಒಂದು ಕಂದು ಬಾಟಲಿ. ಅದರಿಂದ ಅಕ್ಕನ ನಾಲಿಗೆ ಕೆಳಗೆ ಡ್ರಾಪ್ಸ್. ಬಿಟ್ಟ ಸ್ವಲ್ಪ ಹೊತ್ತಿಗೆ ಅಕ್ಕ ನಿದ್ದೆ.

"ಏನದು?"

"ನೋವಿಗೆ, ಅಜ್ಜಿ. ಉಸಿರಾಟಕ್ಕೂ ಹಗುರ ಆಗುತ್ತೆ. ಡಾಕ್ಟರ್ ಬರೆದಿರೋದು."

ಅಜ್ಜಿಯಂತೆ! ಯಾರಿಗೆ ಅಜ್ಜಿ?

ಹೋದ ವಾರ ಅಕ್ಕ ನನ್ನನ್ನ ಗುರುತು ಹಿಡಿದು ಚೆನ್ನಾಗಿ ಬಯ್ದಿದ್ದಳು. ಈಗ ಕಣ್ಣೇ ಬಿಡಲ್ಲ. ಬಾಟಲಿ ಬಂದ ಮೇಲೆ.

ಇನ್ನೊಂದು. ಸೊಸೆ ಟೇಪ್ ಹಿಡಿದು ಅಕ್ಕನ ರೂಮಿನ ಕಿಟಕಿ ಅಳೀತಿದ್ದಳು. ರೂಮು ಇನ್ನೂ ಖಾಲಿ ಆಗಿಲ್ಲ ತಾಯಿ! ನನ್ನನ್ನ ನೋಡಿ ಟೇಪ್ ಸುತ್ತಿಕೊಂಡಳು.

ಮಾರ್ಚ್ 8, ಸಂಜೆ

ಅಕ್ಕನ ಮಂಡಿ ಮೇಲೆ ನೇರಳೆ ಬಣ್ಣ, ಬಲೆ ಬಲೆಯಾಗಿ. ಬಣ್ಣ ಬಿಡೋ ಹೊದಿಕೆ ಯಾವುದೋ ಹಾಕಿದ್ದಾರೆ ಅಂತ ಸೋಪು, ಒದ್ದೆ ಬಟ್ಟೆ ತಂದು ಉಜ್ಜಿದೆ. ಹೋಗಲಿಲ್ಲ. ಪಾದ ಐಸು. ಉಗುರು ನೀಲಿ. ಬಿಳಿ ಶೂ ಬಂದು ನನ್ನ ಕೈ ಹಿಡಿದಳು.

"ಉಜ್ಜಬೇಡಿ, ಅಜ್ಜಿ. ಕೈಕಾಲಿಗೆ ರಕ್ತ ಬರೋದು ಕಮ್ಮಿ ಆಗ್ತಿದೆ. ಹತ್ತಿರ ಬಂದಾಗ ಹೀಗಾಗುತ್ತೆ."

"ಯಾವುದರ ಹತ್ತಿರ?"

ಹೊದಿಕೆ ಎಳೆದು ಅಕ್ಕನ ಪಾದ ಮುಚ್ಚಿದಳು. ನನಗೇನು ಗೊತ್ತಿಲ್ವಾ? ವಿಷ ಏರಿದರೂ ಮೈ ನೀಲಿ ಆಗುತ್ತೆ.

ಅಕ್ಕನ ಕೈ ಬೇರೆ ಶೀಟಿನ ಅಂಚು ಹಿಡಿದೇ ಇರುತ್ತೆ. ಎಳೀತಾಳೆ, ಬಿಡ್ತಾಳೆ, ಎಳೀತಾಳೆ. ಅದೂ ಮಾಮೂಲಂತೆ. ಬಿಳಿ ಶೂಗೆ ಎಲ್ಲ ಮಾಮೂಲು.

ಮಾರ್ಚ್ 9, ಬೆಳಿಗ್ಗೆ

ಆಯ್ತು ಕೆಲಸ. ಬಿಳಿ ಶೂ ತಿಂಡಿಗೆ ಕೂತಾಗ ಕಂದು ಬಾಟಲಿ ಎತ್ತಿಕೊಂಡೆ. ಒಳಗಿದ್ದದ್ದನ್ನ ನನ್ನ ಹಳೇ ಬಾಟಲಿಗೆ ಸುರಿದೆ — ಬಿಳಿ ಬಟ್ಟೆಗೆ ಹಾಕೋ ನೀಲಿ ಇಡ್ತಿದ್ದೆನಲ್ಲ, ಅದಕ್ಕೆ. ಚೆಲ್ಲಲಿಲ್ಲ. ಸಾಕ್ಷಿ ಬೇಕು. ಕಂದು ಬಾಟಲಿಗೆ ಸಕ್ಕರೆ ನೀರು.

ಈಗ ನೋಡೋಣ. ಸಂಜೆಯೊಳಗೆ ಅಕ್ಕ ಎದ್ದು ನನ್ನನ್ನ ಬಯ್ಯದಿದ್ದರೆ ಕೇಳಿ.

ಮಧ್ಯಾಹ್ನ

ಕಣ್ಣು ಬಿಟ್ಟಳು! ಹೇಳಿರಲಿಲ್ವಾ!

"ಅಕ್ಕಾ, ನಾನು ಕಣೇ" ಅಂದೆ. ನನ್ನನ್ನ ದಾಟಿ ಎಲ್ಲೋ ನೋಡ್ತಾಳೆ. ಹುಬ್ಬು ಯಾಕೋ ಗಂಟು...

ಮಾರ್ಚ್ 10

ನಿನ್ನೆ ಆಮೇಲೆ ಪೆನ್ನು ಹಿಡಿಯೋಕಾಗಲಿಲ್ಲ.

ಅಕ್ಕನಿಗೆ ಉಸಿರು ಸಾಲಲಿಲ್ಲ. ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ನರಳಾಟ. ಬಿಳಿ ಶೂ ಡ್ರಾಪ್ಸ್ ಬಿಟ್ಟಳು, ಇನ್ನೊಮ್ಮೆ ಬಿಟ್ಟಳು. "ಯಾಕೆ ಹಿಡೀತಿಲ್ಲ ಇದು?" ಅಂತ ಬೆವತುಹೋದಳು. ಅವಳ ಮುಖವನ್ನೇ ನೋಡಿದೆ. ಕೊಲ್ಲೋಕೆ ಬಂದವಳ ಮುಖ ಹೀಗಿರುತ್ತಾ? ಸೊಸೆ ಗೋಡೆಗೆ ತಲೆ ಆನಿಸಿ ಅಳ್ತಿದ್ದಳು. ನಾಟಕ ಅಂದುಕೊಳ್ಳೋಕೆ ನೋಡಿದೆ. ಆಗಲಿಲ್ಲ.

ಹೇಳಿಬಿಟ್ಟೆ. ನನ್ನ ಬಾಟಲಿ ತಂದು ಕೊಟ್ಟೆ. ಬಿಳಿ ಶೂ ಅದನ್ನ ಮೂಸಿ, ನೀಲಿ ಬೆರೆತಿದೆ, ಇದನ್ನಿನ್ನು ಹಾಕೋಕಾಗಲ್ಲ ಅಂದಳು. ಸೊಸೆ ಹೊಸದು ತರೋಕೆ ಚಪ್ಪಲಿಯೂ ಮೆಟ್ಟದೆ ಓಡಿದಳು. ಅಲ್ಲಿವರೆಗೆ ಬಿಳಿ ಶೂ ಅಕ್ಕನ ತಲೆ ಎತ್ತರ ಮಾಡಿ, ಫ್ಯಾನ್ ತಿರುಗಿಸಿ, ಕೈ ಹಿಡಿದು ಕೂತಳು. ನಾನು ಬಾಗಿಲಲ್ಲಿ. ಅಷ್ಟು ಹೊತ್ತು ಅಕ್ಕ ಪಟ್ಟದ್ದು ನನ್ನಿಂದ. ಬೇರೆ ಯಾರ ತಲೆಗೂ ಕಟ್ಟೋಕಾಗಲ್ಲ.

ಹೊಸ ಡ್ರಾಪ್ಸ್ ಬಿಟ್ಟ ಮೇಲೆ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿತು. ಇಸ್ತ್ರಿ ಎಳೆದ ಹಾಗೆ.

"ನಮ್ಮನ್ನ ಏನು ಅಂದ್ಕೊಂಡ್ರಿ, ಚಿಕ್ಕತ್ತೆ?" ಅಂದಳು ಸೊಸೆ.

"ಕೊಲೆಗಾರ್ತಿಯರು ಅಂತ."

"ಸಕ್ಕರೆ ನೀರು ಕುಡಿಸಿದ್ದು ನಾನಾ?"

ಕಂದು ಬಾಟಲಿ ಎತ್ತಿಕೊಂಡು ತೊಳೆಯೋಕೆ ಹೋದೆ.

ಇವತ್ತು ಕಿಟಕಿಗೆ ಪರದೆ ಹಾಕಿದಳು. ಅಕ್ಕನ ರೆಪ್ಪೆ ಪೂರ್ತಿ ಮುಚ್ತಿಲ್ಲ, ಬಿಸಿಲು ಕಣ್ಣಿಗೇ ಬೀಳುತ್ತೆ ಅಂತ. ಟೇಪ್ ಹಿಡಿದದ್ದು ಅದಕ್ಕೆ.

ಬಿಳಿ ಶೂ ಒಂದು ಮಾತೂ ಬಯ್ಯಲಿಲ್ಲ. ಇಷ್ಟು ಒಳ್ಳೆಯವಳು ಯಾಕೆ? ಅದರ ಮೇಲೆ ಇನ್ನೂ ಸ್ವಲ್ಪ ಅನುಮಾನ ಇದೆ.

ಮಾರ್ಚ್ 12, ಬೆಳಿಗ್ಗೆ

ಗಂಟಲಲ್ಲಿ ಗೊರಗೊರ. ಅದು ಅಕ್ಕನಿಗೆ ತಿಳಿಯಲ್ಲ, ಕೇಳೋರಿಗೇ ಕಷ್ಟ ಅಂತಾಳೆ ಬಿಳಿ ಶೂ. ನಂಬ್ತೀನಿ ಅಂತ ಇಟ್ಕೋ. ಉಸಿರು ನಿಲ್ಲುತ್ತೆ. ನಾನೂ ಹಿಡ್ಕೋತೀನಿ. ಮತ್ತೆ ಬರುತ್ತೆ. ಮೂಗು ಚೂಪಾಗಿದೆ, ಥೇಟ್ ಅಮ್ಮನ ಮೂಗು.

ಕೈ ಮಾತ್ರ ಸುಮ್ಮನಿಲ್ಲ. ಎಳೀತಾಳೆ, ಬಿಡ್ತಾಳೆ.

ಈಗ ಹೊಳೀತು ನನ್ನ ಮಂದ ತಲೆಗೆ. ಲಾಂಡ್ರಿಯಲ್ಲಿ ದೊಡ್ಡ ಶೀಟು ಮಡಿಸೋವಾಗ ಹೀಗೇ ಜಗ್ಗೋಳು. "ಎಲ್ಲಿ ಸತ್ತೆ? ಆ ಕಡೆ ಹಿಡಿಯೇ!" ನಾನು ಯಾವಾಗಲೂ ತಡ.

ಬಿಳಿ ಶೂಗೆ ಹೇಳಲಿಲ್ಲ. ಮಾಮೂಲು ಅಂದುಬಿಡ್ತಾಳೆ. ಅಕ್ಕನ ಕಾಲ ಕಡೆ ಕೂತು ಶೀಟಿನ ತುದಿ ಹಿಡಿದೆ. ಎಳೆದಳು. ನಾನೂ ಎಳೆದೆ. ನಡುವೆ ಶೀಟು ಬಿಗಿಯಾಗಿ ನಿಂತಿತು, ಒಂದು ಸುಕ್ಕಿಲ್ಲ.

ಪುಸ್ತಕ ತೊಡೆ ಮೇಲೆ. ಒಂದು ಕೈಲಿ ಬರೀತಿದ್ದೀನಿ, ಇನ್ನೊಂದರಲ್ಲಿ ಶೀಟು. ಎಳೀತಾಳೆ. ಎಳೀತೀನಿ. ಎಳೀತಾಳೆ. ಹಿಡ್ಕೊಂಡಿದ್ದೀನಿ ಕಣೇ, ಇಲ್ಲೇ ಇದ್ದೀನಿ. ನನ್ನ ಸರದಿ, ಎಳೆದೆ — ಶೀಟು ಪೂರ್ತಿ ನನ್ನ ಕಡೆಗೇ ಬಂತು, ಆ ಕಡೆ